ಹೊಳೆದಂಡೆಯ ನೀರವಂಜಿ

ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿಗೆ ಹೋದವರಿಗೆ ಚಿಕ್ಕಹಗರಿಯಲ್ಲಿ ಕಾಣುವುದು ನೀರಲ್ಲ, ಮರಳು ಮತ್ತು ಜಾಲಿ. ಗಂಗ ದೊರೆ ದುರ್ವಿನೀತ ಕಟ್ಟಿಸಿದನೆಂದು 1055ರ ಶಾಸನ ಹೇಳುವ ಬಸದಿಯ ಕೋಗಳಿ ಇದೇ ತಾಲ್ಲೂಕಿನ ಊರು. ಒಂದು ಕಾಲಕ್ಕೆ ಈ ಸೀಮೆಗೆಲ್ಲ ‘ಕೋಗಳಿ ಐನೂರು’ ಎಂಬ ಹೆಸರಿತ್ತು. ಇಂಥ ಒಣನೆಲದಲ್ಲಿ ನಿಂತು ಸದಾ ನೀರು ಬೇಡುವ ಮರದ ಮಾತೇಕೆ ಎನ್ನಬಹುದು. ಆದರೆ ಹಡಗಲಿಯ ಕಡೆ ಹೋದರೆ ಕುರುವತ್ತಿ ಮಲ್ಲಿಕಾರ್ಜುನನ ಗುಡಿಯ ಬಳಿಯೇ ತುಂಗಭದ್ರೆ ಹರಿಯುತ್ತಾಳೆ. ಆ ನೀರು ಹೊರಟು ಬರುವ ಮಲೆನಾಡಿನ ಹೊಳೆದಂಡೆಗಳು ನೀರವಂಜಿಯ ತವರು.

ವಿಲೋ ಎಂದರೆ ನಮ್ಮ ಹುಡುಗರಿಗೆ ನೆನಪಾಗುವುದು ಕಾಶ್ಮೀರದ ಕ್ರಿಕೆಟ್ ಬ್ಯಾಟು. ಅದು ಹೊರಗಿನಿಂದ ತಂದು ಬೆಳೆಸಿದ ಜಾತಿ. ನೀರವಂಜಿ ಅದೇ ಕುಲದ್ದಾದರೂ ಇಲ್ಲಿಯದೇ ಮರ. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇಟ್ಟ ಹೆಸರು ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ, ಅಂದರೆ ನಾಲ್ಕು ಬೀಜದ್ದು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ರೇಷ್ಮೆಯೆಳೆ ತೊಟ್ಟ ಬೀಜ ಗಾಳಿಯಲ್ಲಿ ತೇಲಿ ಹೋಗಿ ಕೆಲವೇ ದಿನಗಳಲ್ಲಿ ಹಸಿ ಮರಳನ್ನೋ ಮೆಕ್ಕಲನ್ನೋ ಹಿಡಿಯಬೇಕು; ಇಲ್ಲದಿದ್ದರೆ ಮುಗಿಯಿತು. ದಂಡೆಯ ಮರಳನ್ನೇ ಲಾರಿಗೆ ತುಂಬಿ ಸಾಗಿಸಿದರೆ ಸಸಿ ಹುಟ್ಟುವುದಾದರೂ ಎಲ್ಲಿ?

ಎಳೆಯ ಬರಲು ಬುಟ್ಟಿ ಹೆಣೆಯಲು, ಎಲೆ ದನಕ್ಕೆ, ಇದ್ದಿಲು ಕೋವಿಮದ್ದಿಗೆ, ತೊಗಟೆಯ ಕಷಾಯ ಜ್ವರಕ್ಕೆ. ಈ ತೊಗಟೆಯ ಕಥೆ ದೊಡ್ಡದು. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ ತನ್ನೂರಿನ ವಿಲೋ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯಿತೆಂದು ರಾಯಲ್ ಸೊಸೈಟಿಗೆ ಬರೆದ. 1828ರಲ್ಲಿ ಜರ್ಮನಿಯ ಬುಕ್ನರ್ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಡಿಸಿದ. 1897ರಲ್ಲಿ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಅದರ ಬಂಧುವಾದ ಆಸ್ಪಿರಿನ್ ಶುದ್ಧರೂಪದಲ್ಲಿ ಸಿದ್ಧವಾಯಿತು. ತಾಯಂದಿರು ಗಮನಿಸಬೇಕು: ಜ್ವರದ ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಬಾರದು. ಆ ಕಾರಣಕ್ಕೇ ಈ ಕಷಾಯವೂ ಬೇಡ.

ವೇಲ್ಸ್ ದೇಶದವರು ಹರಿಗೋಲಿನ ಚೌಕಟ್ಟನ್ನು ವಿಲೋ ಬರಲಿನಿಂದ ಹೆಣೆಯುತ್ತಾರೆ. ತುಂಗಭದ್ರೆಯಲ್ಲಿ ಆ ಕೆಲಸ ಬಿದಿರಿನದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬುಟ್ಟಿಯಂಥ ಈ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ.

ಮಹಾಭಾರತದ ಶಾಂತಿಪರ್ವದಲ್ಲಿ ಸಮುದ್ರ ನದಿಗಳನ್ನು ಕೇಳುತ್ತಾನೆ: ಹೆಮ್ಮರಗಳನ್ನು ಕಿತ್ತು ತರುತ್ತೀರಿ, ವೇತಸವನ್ನೇಕೆ ತರುವುದಿಲ್ಲ? ಅದು ಪ್ರವಾಹಕ್ಕೆ ಬಾಗಿ ಮತ್ತೆ ಏಳುತ್ತದೆ ಎಂದು ಗಂಗೆಯ ಉತ್ತರ. ವೇತಸವೆಂದರೆ ಬೆತ್ತವೋ ವಂಜಿಯೋ ಎಂದು ಪಂಡಿತರಲ್ಲಿ ಜಗಳವಿದೆ. ನೆರೆಯಲ್ಲಿ ಬಾಗಿ ಏಳುವ ಗುಣವಂತೂ ವಂಜಿಗೆ ಸಲ್ಲುತ್ತದೆ; ಅದರ ಬೇರಿನ ಜಾಲ ದಂಡೆಯ ಮಣ್ಣನ್ನು ಬಿಗಿಹಿಡಿಯುತ್ತದೆ. ಹೊಳೆ ಪ್ರತಿ ವರ್ಷ ಹೊಲದ ಅಂಚನ್ನು ಕಚ್ಚುವುದನ್ನು ಕಂಡ ರೈತನಿಗೆ ಇದು ಸಣ್ಣ ಮಾತಲ್ಲ.

ಬೆಳೆಸಲು ನರ್ಸರಿಯೂ ಬೇಕಿಲ್ಲ. ಹೆಬ್ಬೆರಳು ಗಾತ್ರದ ಕೊಂಬೆಯನ್ನು ಮಳೆಗಾಲದಲ್ಲಿ ಹಸಿ ದಂಡೆಗೆ ಊರಿದರೆ ಬೇರು ಬಿಡುತ್ತದೆ. ಹಗರಿಯ ಒಣ ದಂಡೆಗೆ ಹೊಂಗೆಯೇ ಲೇಸು. ವಂಜಿಯ ಗೂಟ ಊರುವುದಾದರೆ ವರ್ಷವಿಡೀ ತೇವ ಆರದ ತುಂಗಭದ್ರೆಯ ಅಂಚನ್ನೇ ಹುಡುಕಬೇಕು.