ಹನ್ನೆರಡು ಸಾಲದೆ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟವು ವಸಂತದಲ್ಲಿ ಮೊದಲಾಗಿ ಎಲೆಯುದುರುವ ಕಾಲದವರೆಗೆ ನಡೆಯುವುದು. ವೃತ್ತಿಪರರ ತಂಡಗಳು ಮೂವತ್ತು; ಒಂದೊಂದು ತಂಡಕ್ಕೂ 162 ಪಂದ್ಯಗಳು. ಕ್ರಿಕೆಟ್ಟನ್ನು ಬಲ್ಲ ಕನ್ನಡಿಗರಿಗೆ ಇದು ಅತಿಯೆಂದೇ ತೋರೀತು. ಆದರೆ ಇಷ್ಟು ಪಂದ್ಯಗಳೇತಕ್ಕೆಂಬುದಕ್ಕೆ ಉತ್ತರವು ಆ ಆಟದ ಸ್ವಭಾವದಲ್ಲಿಯೇ ಉಂಟು. ಹತ್ತು ಸಲ ದಾಂಡು ಹಿಡಿದು ಮೂರು ಸಲ ಸಫಲನಾದವನು ಅಲ್ಲಿ ಶ್ರೇಷ್ಠ ಆಟಗಾರನೆನಿಸುವನು. ಬಹು ಒಳ್ಳೆಯ ತಂಡವೂ ಮೂರರಲ್ಲಿ ಒಂದು ಪಂದ್ಯವನ್ನು ಸೋಲುವುದು ವಾಡಿಕೆ. ಒಂದು ದಿನದ ಗೆಲುವು ಗಾಳಿ ಬೀಸಿದತ್ತ ಹೋಗುವಂಥದು. ತೂರಿದ ರಾಶಿಯಲ್ಲಿ ಜೊಳ್ಳು ಹಾರಿ ಕಾಳು ಉಳಿಯುವಂತೆ, ಆರು ತಿಂಗಳ ಆಟದಲ್ಲಿ ಅದೃಷ್ಟವು ಸರಿದುಹೋಗಿ ಯೋಗ್ಯತೆಯು ನಿಲ್ಲುವುದು.

ಹಿಂದೆ ಈ ರಾಶಿಗೆ ಪೂರ್ಣ ಬೆಲೆಯಿದ್ದಿತು. ಎರಡು ಲೀಗುಗಳು, ಒಂದೊಂದರಲ್ಲಿಯೂ ಮೊದಲು ನಿಂತ ಒಂದೇ ತಂಡ, ಅವೆರಡರ ನಡುವೆ ‘ವರ್ಲ್ಡ್ ಸೀರೀಸ್’ ಎಂಬ ಅಂತಿಮ ಪಂದ್ಯಮಾಲೆ. 1903ರಲ್ಲಿ ಹುಟ್ಟಿದ ಈ ಪದ್ಧತಿ, 1904 ಒಂದನ್ನು ಬಿಟ್ಟರೆ, 1968ರವರೆಗೆ ನಡೆದು ಬಂದಿತು. 1969ರಲ್ಲಿ ನಾಲ್ಕು ತಂಡಗಳಿಗೆ ಬಾಗಿಲು ತೆರೆಯಿತು. 1995ರಲ್ಲಿ ಎಂಟಕ್ಕೆ, 2012ರಲ್ಲಿ ಹತ್ತಕ್ಕೆ, 2022ರಲ್ಲಿ ಹನ್ನೆರಡಕ್ಕೆ. ಇನ್ನೂ ಅಗಲಿಸಬೇಕೆ ಎಂಬುದು ಈಗಿನ ಚರ್ಚೆ.

ಅಗಲಿಸಿದ್ದೆಲ್ಲ ತಪ್ಪೆನ್ನಲಾಗದು. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ತಂಡವು 103 ಪಂದ್ಯಗಳನ್ನು ಗೆದ್ದಿತು. ಅದೇ ವಿಭಾಗದ ಅಟ್ಲಾಂಟಾ ಬ್ರೇವ್ಸ್ 104 ಗೆದ್ದುದರಿಂದ ಜಯಂಟ್ಸ್ ಬರಿಗೈಯಲ್ಲಿ ಮನೆ ಸೇರಬೇಕಾಯಿತು. ಬೇರೊಂದು ವಿಭಾಗದಲ್ಲಿ 97 ಗೆದ್ದ ಫಿಲಡೆಲ್ಫಿಯಾ ಮಾತ್ರ ಮುಂದೆ ನಡೆಯಿತು. ಇಂಥ ಅನ್ಯಾಯಕ್ಕೆ ಎಂಟು ತಂಡಗಳ ಏರ್ಪಾಡು ಒಳ್ಳೆಯ ಮದ್ದು.

ಮದ್ದೇ ಊಟವಾದುದು ಆ ಮೇಲಿನ ಕಥೆ. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಅರುವತ್ತೇ ಪಂದ್ಯಗಳನ್ನಾಡಿಸಿ ಹದಿನಾರು ತಂಡಗಳನ್ನು ಒಳಗೆ ಬಿಟ್ಟರು. 29 ಗೆದ್ದು 31 ಸೋತಿದ್ದ ಮಿಲ್ವಾಕಿ, ಹ್ಯೂಸ್ಟನ್ ತಂಡಗಳಿಗೂ ಎಲೆ ಬಿದ್ದಿತು. ಆಪದ್ಧರ್ಮವೆಂದು ಅದನ್ನು ಮನ್ನಿಸಬಹುದು. ಆದರೆ ಮಾಲಿಕರಿಗೆ ರುಚಿ ಹತ್ತಿದ್ದಿತು. ಅಕ್ಟೋಬರಿನ ಪಂದ್ಯಗಳಿಗೆ ಟೆಲಿವಿಷನ್ನಿನವರು ಕೊಡುವ ಹಣವು ಅಲ್ಪವಲ್ಲ. 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ಆಟಗಾರರನ್ನು ಹೊರಗಿಟ್ಟು ನಡೆಸಿದ 99 ದಿನಗಳ ವ್ಯಾಜ್ಯದಲ್ಲಿ ಮಾಲಿಕರು ಕೇಳಿದ್ದು ಹದಿನಾಲ್ಕು. ಆಟಗಾರರ ಸಂಘವು ಒಪ್ಪಿದ್ದು ಹನ್ನೆರಡು. ಮಧ್ಯಮ ತರದ ತಂಡಕ್ಕೂ ಪ್ರವೇಶ ದೊರೆಯುವುದಾದರೆ ಒಳ್ಳೆಯ ಆಟಗಾರನಿಗೆ ಹಣ ತೆತ್ತು ತರುವ ಗರಜು ಯಾರಿಗುಂಟು ಎಂಬುದು ಆಟಗಾರರ ಶಂಕೆ. ಸ್ವಾರ್ಥದ ಮಾತಾದರೂ ಸುಳ್ಳಿನ ಮಾತಲ್ಲ.

ಹೊಸ ಏರ್ಪಾಡಿನ ಮೊದಲ ವರ್ಷವೇ ಲಾಸ್ ಏಂಜಲೀಸ್ ಡಾಡ್ಜರ್ಸ್ 111 ಪಂದ್ಯಗಳನ್ನು ಗೆದ್ದು, 89 ಗೆದ್ದಿದ್ದ ಸ್ಯಾನ್ ಡಿಯೇಗೋ ತಂಡಕ್ಕೆ ನಾಲ್ಕೇ ಪಂದ್ಯಗಳಲ್ಲಿ ಸೋತಿತು. ಮರುವರ್ಷ 84 ಗೆದ್ದಿದ್ದ ಅರಿಜೋನಾ ತಂಡವು ವರ್ಲ್ಡ್ ಸೀರೀಸಿನವರೆಗೆ ಹೋಯಿತು. ಅರಿಜೋನಾದವರ ಆ ಹರ್ಷವನ್ನು ಹಳಿಯುವುದು ಸಲ್ಲದು. ಸಣ್ಣ ಊರಿನ ತಂಡವೂ ಸೆಪ್ಟೆಂಬರಿನವರೆಗೆ ಆಶೆಯನ್ನು ಹೊತ್ತು ಆಡುವುದು, ಬೇಸಗೆಯುದ್ದಕ್ಕೂ ಪ್ರೇಕ್ಷಕರು ಆಟದ ಬಯಲಿಗೆ ಬರುವುದು ಸಣ್ಣ ಲಾಭಗಳಲ್ಲ. ಬಾಗಿಲು ಅಗಲಿಸುವವರ ಪಕ್ಷದಲ್ಲಿರುವ ನಿಜವಾದ ಬಲ ಇದೇ, ಹಣವಲ್ಲ. ಆದರೆ ಮೂವತ್ತರಲ್ಲಿ ಹದಿನಾಲ್ಕು ಎಂದರೆ ಹೆಚ್ಚುಕಡಿಮೆ ಅರ್ಧ. ಆಗ ಜೂನ್ ತಿಂಗಳ ಒಂದು ಸಂಜೆ ಹನ್ನೊಂದನೆಯ ಸರದಿಯವರೆಗೆ ಹೆಣಗಿ ಗೆದ್ದ ಪಂದ್ಯಕ್ಕೆ ಉಳಿಯುವ ಅರ್ಥವೇನು? ಅದನ್ನು ಕಷ್ಟಪಟ್ಟು ಗೆದ್ದವರೂ ಆಲಸ್ಯದಿಂದ ಸೋತವರೂ ಅಕ್ಟೋಬರಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುವರು.

ತಂಡಗಳ ಸಂಖ್ಯೆಯನ್ನು 32ಕ್ಕೆ ಏರಿಸುವ ಮಾತೂ ನಡೆದಿದೆ. ಏರಿಸಿದರೂ ಹನ್ನೆರಡು ಸಾಕು. ಹೆಚ್ಚಿನ ಪಂದ್ಯಗಳ ಹಣವೇ ಬೇಕಾದರೆ, ಮೂರು ಪಂದ್ಯಗಳ ಮೊದಲ ಸುತ್ತನ್ನು ಐದಕ್ಕೂ ಐದರ ಎರಡನೆಯ ಸುತ್ತನ್ನು ಏಳಕ್ಕೂ ಬೆಳೆಸಲಿ; ಯೋಗ್ಯನಾದವನು ಒಂದು ದಿನ ಎಡವಿದರೂ ಎದ್ದು ನಿಲ್ಲಲು ಅವಕಾಶವಾಗುವುದು. ಅದರಿಂದ ಆಟವು ನವೆಂಬರಿನ ಚಳಿಗೆ ಸಿಕ್ಕಿಕೊಳ್ಳುವುದೆಂದರೆ, 162ರಲ್ಲಿ ಎಂಟನ್ನು ಬಿಡಲಿ. 1960ರವರೆಗೆ ಎರಡು ಲೀಗುಗಳಲ್ಲಿಯೂ 154 ಪಂದ್ಯಗಳೇ ವಾಡಿಕೆಯಾಗಿದ್ದುವು; ಯಾವ ತಂಡ ದೊಡ್ಡದೆಂಬುದು ಆಗಲೂ ತಿಳಿಯುತ್ತಲೇ ಇದ್ದಿತು.