ಕಾಯೋದನ್ನ ಎಲ್ಲಿ ಇಡಬೇಕು?

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಸೆಪ್ಟೆಂಬರ್‌ನಲ್ಲಿ ಮಾತಾಡಿಸಿ ನೋಡಿ. ‘ಈ ಸಲ ಚಾಟ್ನಿ ಯಾವಾಗ್ರೀ?’ ಅಂತ ಕೇಳಿದರೆ ಅವರು ಮಾರ್ಚ್ ತಿಂಗಳ ಮಾತು ತೆಗೆಯುತ್ತಾರೆ. ಶೆಡ್ ಯಾವಾಗ ಖಾಲಿ ಆಗುತ್ತದೆ, ಆಳು ಯಾವ ವಾರ ಸಿಗುತ್ತಾರೆ, ಅಕಾಲಿಕ ಮಳೆ ಯಾವಾಗ ಬರಬಹುದು ಅಂತ ಆರು ತಿಂಗಳಾಚೆಯದನ್ನೆಲ್ಲ ಯೋಚಿಸಿ, ಅಲ್ಲಿಂದ ಹಿಂದಕ್ಕೆ ದಿನ ಎಣಿಸುತ್ತ ಬಂದು, ಕೊನೆಗೆ ‘ಅಕ್ಟೋಬರ್ ಒಂದಕ್ಕ ಶುರು ಮಾಡ್ತೀವಿ’ ಅನ್ನುತ್ತಾರೆ.

ನಾನು ಬಿಇ ಓದುವಾಗ ಇದೇ ಲೆಕ್ಕ ಆಪರೇಶನ್ಸ್ ರಿಸರ್ಚ್ ಪೇಪರಿನಲ್ಲಿ ಬರುತ್ತಿತ್ತು. ವೃತ್ತ ಹಾಕು, ಬಾಣ ಎಳೆ, ಬಾಣದ ಮೇಲೆ ದಿನ ಬರೆ. ಎಡದಿಂದ ಬಲಕ್ಕೆ ಕೂಡಿಸುತ್ತ ಹೋದರೆ ಫಾರ್ವರ್ಡ್ ಪಾಸ್, ಬಲದಿಂದ ಎಡಕ್ಕೆ ಕಳೆಯುತ್ತ ಬಂದರೆ ಬ್ಯಾಕ್‌ವರ್ಡ್ ಪಾಸ್. ಎಲ್ಲಕ್ಕಿಂತ ಉದ್ದದ ದಾರಿ ಕ್ರಿಟಿಕಲ್ ಪಾತ್. ಅದರಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡ. ಬೇರೆ ದಾರಿಗಳಲ್ಲಿ ಸ್ವಲ್ಪ ಬಿಡುವು ಇರುತ್ತದೆ, ಅದಕ್ಕೆ ಫ್ಲೋಟ್ ಅಂತ ಹೆಸರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಕಾರ್ಖಾನೆ ಕೆಲಸಗಳಿಗೆ ಇದನ್ನು ಸಿಪಿಎಂ ಅಂತ ಕಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅಂತ ಕಟ್ಟಿತು. ನಾವು ಸೂತ್ರ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಮರೆತೆವು.

ಆ ಚಿತ್ರ ಏನು ಹೇಳುತ್ತದೆ ಅಂತ ನನಗೆ ಸರಿಯಾಗಿ ತಿಳಿದದ್ದು ನಮ್ಮ ಕಾಕಾನ ತೋಟದ ಲೆಕ್ಕವನ್ನು ಹಾಳೆಯ ಮೇಲೆ ಬರೆದಾಗ.

ಕಾಕಾನ ಹತ್ತಿರ ಎರಡು ಪ್ಲಾಟ್ ಇವೆ. ಎರಡರಲ್ಲೂ ಒಣದ್ರಾಕ್ಷಿಗೇ ಬೆಳೆ. ಒಣಗಿಸುವ ಶೆಡ್ ಮಾತ್ರ ಒಂದೇ, ಅದರಲ್ಲಿ ಒಂದು ಸಲಕ್ಕೆ ಒಂದು ಪ್ಲಾಟಿನ ಮಾಲು ಹಿಡಿಯುತ್ತದೆ. ಚಾಟ್ನಿ ಆದ ಮೇಲೆ ಕಣ್ಣು ಒಡೆದು, ಹೂವಾಗಿ, ಕಾಯಿ ಕಟ್ಟಿ, ಒಣಗಿಸುವಷ್ಟು ಸಕ್ಕರೆ ತುಂಬಲು ನಮ್ಮಲ್ಲಿ ಸುಮಾರು 140 ದಿನ. ಕಡಿದು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವಲು 4 ದಿನ. ಒಣಗಲು 15 ದಿನ. ಇಳಿಸಿ ಶೆಡ್ ಸ್ವಚ್ಛ ಮಾಡಲು 2 ದಿನ. ಅಂದರೆ ಒಂದು ಪ್ಲಾಟಿನ ಮಾಲಿಗೆ ಶೆಡ್ 21 ದಿನ ಬೇಕು.

ಅಕ್ಟೋಬರ್ 1ಕ್ಕೆ ಮೊದಲ ಪ್ಲಾಟಿನ ಚಾಟ್ನಿ ಆದರೆ ಫೆಬ್ರವರಿ 18ಕ್ಕೆ ಕಟಾವು ಶುರು. ಮಾರ್ಚ್ 10ಕ್ಕೆ ಶೆಡ್ ಖಾಲಿ. ಎರಡನೇ ಪ್ಲಾಟಿನ ಕಟಾವು ಮಾರ್ಚ್ 11ಕ್ಕೆ ಮೊದಲು ಸಾಧ್ಯವಿಲ್ಲ. ಅಲ್ಲಿಂದ 140 ದಿನ ಹಿಂದಕ್ಕೆ ಎಣಿಸಿದರೆ ಅದರ ಚಾಟ್ನಿ ಅಕ್ಟೋಬರ್ 22. ಎಲ್ಲ ಮುಗಿಯುವುದು ಮಾರ್ಚ್ 31ಕ್ಕೆ. ಒಟ್ಟು 182 ದಿನ. ಏಪ್ರಿಲ್‌ನಲ್ಲಿ ಗುಡುಗು ಮಳೆ ಶುರುವಾಗುತ್ತದೆ. ಬಲೆ ಮೇಲಿನ ಮಾಲು ತೋಯ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರೇಟು ಬೀಳುತ್ತದೆ. ಮನೆ ಮಂದಿಯ ವರ್ಷದ ದುಡಿಮೆ ಆ ಬಲೆ ಮೇಲೆ ಇರುತ್ತದೆ.

ಇಲ್ಲಿಯ ತನಕ ಲೆಕ್ಕ ಯಾರಾದರೂ ಮಾಡಬಹುದು. ಆದರೆ ಕಾಕಾ ಎರಡನೇ ಪ್ಲಾಟಿನ ಚಾಟ್ನಿ ಮಾಡುವುದು 22ಕ್ಕಲ್ಲ, 17ಕ್ಕೆ. ಹಾಗಾದರೆ ಆ ಪ್ಲಾಟು ಮಾರ್ಚ್ 6ಕ್ಕೇ ತಯಾರು, ಶೆಡ್ ಇನ್ನೂ ಖಾಲಿ ಆಗಿರುವುದಿಲ್ಲ. ಐದು ದಿನ ಹಣ್ಣು ಸುಮ್ಮನೆ ನಿಲ್ಲಬೇಕು.

‘ಐದ್ ದಿನ ಯಾಕ್ ವೇಸ್ಟ್ ಮಾಡ್ತೀರಿ ಕಾಕಾ?’ ಅಂದೆ.

‘ತಮ್ಮಾ, ಹೂವಿನಾಗ ಇದ್ದಾಗ ಮೋಡ ಹಿಡದ್ರ ನಾಕ್ ದಿನ ಹಿಂದ ಬೀಳ್ತೈತಿ. ಆಗ ಶೆಡ್ ಖಾಲಿ ಕುಂಡ್ರತೈತಿ, ಆಳಿಗಿ ಕೆಲಸ ಇರಂಗಿಲ್ಲ, ಕಡೀಕ ಮಳ್ಯಾಗ ಸಿಗತೀವಿ. ಕಾಯೋದಂತೂ ತಪ್ಪಂಗಿಲ್ಲ. ಹಣ್ಣು ಬಳ್ಳಿ ಮ್ಯಾಲ ಕಾದ್ರ ಸಿಹಿ ಆಕ್ಕೈತಿ, ಕ್ರೇಟ್‌ನ್ಯಾಗ ಕಾದ್ರ ಕೊಳೀತೈತಿ.’

ಕಾಕಾನ ಆ ಐದು ದಿನಗಳೇ ಫ್ಲೋಟ್. ಪುಸ್ತಕದಲ್ಲಿ ಅದನ್ನು ಉಳಿದ ಸಮಯ ಅನ್ನುವ ಹಾಗೆ ಹೇಳಿರುತ್ತಾರೆ. ಲೆಕ್ಕ ಮಾಡಿದ ಮೇಲೆ ಅದು ತಾನಾಗೇ ಹೊರಬರುವ ಒಂದು ಅಂಕಿ. ಕಾಕಾ ಅದನ್ನು ತಾನೇ ಜಾಗ ನೋಡಿ ಇಡುತ್ತಾನೆ. ಯಾವ ಕೆಲಸವಾದರೂ ಎಲ್ಲೋ ಒಂದು ಕಡೆ ಏನೋ ಒಂದು ಕಾಯಲೇಬೇಕು, ಅದು ತಪ್ಪುವುದಿಲ್ಲ. ಕಾದರೆ ಕೆಡದೆ ಇರುವ ಜಾಗದಲ್ಲಿ ಕಾಯುವಿಕೆಯನ್ನು ಇಡಬೇಕು. ಅದಕ್ಕೂ ಮಿತಿ ಇದೆ. ಐದು ದಿನದ ಬದಲು ಇಪ್ಪತ್ತು ದಿನ ಬಿಟ್ಟರೆ ಹಕ್ಕಿ ತಿನ್ನುತ್ತವೆ, ಕಾಳು ಉದುರುತ್ತದೆ.

ಈಗ ನಮ್ಮ ಆಫೀಸುಗಳಿಗೆ ಬನ್ನಿ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಪ್ಲಾನ್ ಅಂದರೆ ಬಣ್ಣಬಣ್ಣದ ಪಟ್ಟಿಗಳ ಒಂದು ಶೀಟು. ಪ್ರತಿ ಪಟ್ಟಿಗೂ ಶುರುವಿನ ದಿನಾಂಕ, ಮುಗಿಯುವ ದಿನಾಂಕ. ಯಾವ ಪಟ್ಟಿ ಯಾವುದಕ್ಕೆ ಕಾಯುತ್ತಿದೆ ಅನ್ನುವ ಬಾಣ ಒಂದೂ ಇರಲಿಲ್ಲ. ಬಾಣ ಇಲ್ಲದಿದ್ದರೆ ತಡ ಎಲ್ಲಿ ಹುಟ್ಟಿತು ಅಂತ ಕಾಣುವುದಿಲ್ಲ, ಎಲ್ಲಿ ಬಂದು ಬಿತ್ತು ಅಂತಷ್ಟೇ ಕಾಣುತ್ತದೆ. ಡಿಸೈನ್ ಒಪ್ಪಿಗೆ ಮೂರು ದಿನ ತಡ, ಇನ್ನೊಂದು ಟೀಮಿನ ಎಪಿಐ ನಾಲ್ಕು ದಿನ ತಡ. ರಿಲೀಸ್ ದಿನಾಂಕ ಮಾತ್ರ ಒಂದಿಂಚೂ ಅಲುಗಾಡುವುದಿಲ್ಲ. ಆ ಏಳು ದಿನ ಸೀದಾ ಟೆಸ್ಟಿಂಗ್ ಮಾಡುವವರ ತಲೆ ಮೇಲೆ. ಶೀಟಿನ ಪ್ರಕಾರ ಅವರ ಶನಿವಾರ, ಭಾನುವಾರ, ರಾತ್ರಿ ನಿದ್ದೆ ಎಲ್ಲವೂ ಫ್ಲೋಟ್. ಹಾಗಂತ ಯಾರೂ ಬರೆದಿರಲಿಲ್ಲ, ಆದರೆ ಲೆಕ್ಕ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು. ಕಾಕಾನ ಭಾಷೆಯಲ್ಲಿ ಹೇಳಬೇಕೆಂದರೆ, ಕಾಯುವಿಕೆಯನ್ನೆಲ್ಲ ಕ್ರೇಟಿನಲ್ಲಿ ಇಟ್ಟಿದ್ದರು.

ವಿಜಯಪುರದ ಬಾರಾ ಕಮಾನ್ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಎರಡನೇ ಅಲಿ ಆದಿಲ್ ಶಾಹನ ಸಮಾಧಿಗೆಂದು ಎತ್ತಿದ ಕಪ್ಪು ಕಮಾನುಗಳು ಅವನು 1672ರಲ್ಲಿ ತೀರಿಕೊಂಡ ಮೇಲೂ ಚಾವಣಿ ಇಲ್ಲದೆ ನಿಂತಿವೆ. ಎಷ್ಟು ಕೆಲಸ ಆಗಿದೆ ಅಂತ ಯಾರು ಬೇಕಾದರೂ ಕಣ್ಣಿಂದ ಅಳೆಯಬಹುದು. ಏನು ಬಂದಿದ್ದರೆ ಮುಂದಿನ ಕಲ್ಲು ಏರುತ್ತಿತ್ತು ಅಂತ ಕಲ್ಲು ನೋಡಿ ಹೇಳಲಾಗುವುದಿಲ್ಲ. ನಮ್ಮ ಸ್ಟೇಟಸ್ ರಿಪೋರ್ಟುಗಳೂ ಹಾಗೇ. 80 ಪರ್ಸೆಂಟ್ ಮುಗಿದಿದೆ ಅನ್ನುತ್ತವೆ, ಉಳಿದ 20 ಯಾವುದಕ್ಕೆ ಕಾಯುತ್ತಿದೆ ಅನ್ನುವುದಿಲ್ಲ.

ದ್ರಾಕ್ಷಿಯ 182 ದಿನದ ಚಿತ್ರದ ಹಿಂದೆ ಇನ್ನೊಂದು ದೊಡ್ಡ ಚಿತ್ರ ಇದೆ, ನೀರಿನದು. ಬೋರ್ ಬತ್ತಿದ ವರ್ಷ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಊರುಗಳು ನಮ್ಮವು. ತಿಕೋಟಾ, ಬಬಲೇಶ್ವರ ಭಾಗಕ್ಕೆ ಕೃಷ್ಣೆ ಬರಬೇಕಾದರೆ ಏತ ನೀರಾವರಿಯೇ ಗತಿ. ಮುಳವಾಡ, ತುಬಚಿ-ಬಬಲೇಶ್ವರ ಯೋಜನೆಗಳು ಮನೆಮಾತಾಗಿದ್ದು ಅದಕ್ಕೇ. ಮುಳವಾಡಕ್ಕೆ ನೀರು ಕೊಡುವ ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಈಗ ಅಲ್ಲಿ ನೀರು ನಿಲ್ಲಿಸುವುದು 519.60 ಮೀಟರ್ ತನಕ. ಅದನ್ನು 524.256 ಮೀಟರಿಗೆ ಏರಿಸಬಹುದು ಅಂತ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು, 2013ರಲ್ಲಿ ಮತ್ತೊಂದು ವರದಿಯನ್ನೂ ಕೊಟ್ಟಿತು. ರಾಜ್ಯಗಳ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಹೀಗಾಗಿ ನಾನು ಇದನ್ನು ಬರೆಯುವ ಹೊತ್ತಿಗೂ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗಿಲ್ಲ.

ನೆಟ್‌ವರ್ಕ್ ಚಿತ್ರದಲ್ಲಿ ಡಮ್ಮಿ ಅಂತ ಒಂದು ಚುಕ್ಕೆ ಬಾಣ ಇರುತ್ತದೆ. ಅದಕ್ಕೆ ಸೊನ್ನೆ ದಿನ. ಅದರ ಮೇಲೆ ಕೆಲಸವೇ ಇಲ್ಲ, ‘ಅದು ಆಗದೆ ಇದು ಆಗಬಾರದು’ ಅಂತ ಹೇಳುವುದಕ್ಕಷ್ಟೇ ಇರುತ್ತದೆ. ಕಾಕಾನ ಚಿತ್ರದಲ್ಲಿ ಮೊದಲ ಪ್ಲಾಟಿನ ಶೆಡ್ ಖಾಲಿ ಆದದ್ದರಿಂದ ಎರಡನೇ ಪ್ಲಾಟಿನ ಕಟಾವಿಗೆ ಹೋಗುವ ಬಾಣ ಅಂಥದು. ಗೆಜೆಟ್ ಅಂಥದೇ ಇನ್ನೊಂದು. ಅಚ್ಚು ಹಾಕಲು ಒಂದು ದಿನ ಸಾಕು. ಅದರ ಆಚೆಗೆ ಗೇಟು, ಕಾಲುವೆ, ಪರಿಹಾರ, ಪುನರ್ವಸತಿ ಎಲ್ಲ ಸಾಲಾಗಿ ನಿಂತಿವೆ. ಬೆಂಗಳೂರಿನ, ದಿಲ್ಲಿಯ ಕಡತಕ್ಕೆ ಈ ಕಾಯುವಿಕೆ ಏನೂ ಮಾಡುವುದಿಲ್ಲ. ಮುಳುಗಡೆ ಪಟ್ಟಿಯಲ್ಲಿರುವ ಊರಿನವರಿಗೆ ಹಾಗಲ್ಲ. ಹಳೇ ಮನೆಗೆ ಹೊಸ ಮಾಳಿಗೆ ಹಾಕಿಸಬೇಕೋ ಬೇಡವೋ, ಹೊಲದಲ್ಲಿ ಲಿಂಬಿ ಸಸಿ ಹಚ್ಚಬೇಕೋ ಬೇಡವೋ ಅನ್ನುವುದರಲ್ಲೇ ಅವರ ವರ್ಷಗಳು ಹೋಗುತ್ತವೆ. ಚಿತ್ರದಲ್ಲಿ ಸೊನ್ನೆ ಅಂತ ಬರೆದ ಬಾಣ ಅವರ ಪಾಲಿಗೆ ಅರ್ಧ ಆಯುಷ್ಯ.

ಆದ್ದರಿಂದ ಚಿತ್ರ ಬರೆದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಪ್ರತಿ ಫ್ಲೋಟಿನ ಪಕ್ಕ ಅಲ್ಲಿ ಕಾಯುವವರು ಯಾರು ಅಂತ ಬರೆಯುವುದು. ಕಾಕಾನ ಐದು ದಿನದಲ್ಲೂ ಆ ಪ್ರಶ್ನೆ ಇದೆ. ಹಣ್ಣು ಕಾದರೆ ಸಿಹಿಯಾಗುತ್ತದೆ ಸರಿ, ಕಡಿಯಲು ಬರುವ ಹೆಣ್ಣಾಳುಗಳು ಐದು ದಿನ ಕಾದರೆ ಐದು ದಿನದ ಪಗಾರ ಹೋಯಿತು. ಅದಕ್ಕೇ ಕಾಕಾ ಅವರಿಗೆ ಹೇಳುವ ತಾರೀಖು ಹಣ್ಣಾಗುವ ಮಾರ್ಚ್ 6 ಅಲ್ಲ, ಶೆಡ್ ಸಿಗುವ ಮಾರ್ಚ್ 11. ಅದನ್ನೂ ಜನವರಿಯಲ್ಲೇ ಹೇಳಿ ಅಡ್ವಾನ್ಸ್ ಕೊಟ್ಟಿರುತ್ತಾನೆ. ಅವರು ನಡುವೆ ಬೇರೆ ತೋಟ ಹಿಡಿಯುತ್ತಾರೆ. ಅವರ ತಲೆಯಲ್ಲೂ ಇಂಥದೇ ಒಂದು ಚಿತ್ರ ಇದೆ, ಅದರಲ್ಲಿ ನಮ್ಮ ತೋಟ ಒಂದು ಬಾಣ ಮಾತ್ರ.

ನಮ್ಮ ಟೀಮಿನಲ್ಲಿ ಈಗ ಪ್ಲಾನಿಂಗ್ ದಿನ ನಾನು ದಿನಾಂಕ ಕೇಳುವುದನ್ನು ಕೊನೆಗೆ ಇಟ್ಟಿದ್ದೇನೆ. ಮೊದಲು ಬೋರ್ಡಿನ ಮೇಲೆ ಬಾಣಗಳು. ಆಮೇಲೆ ಬ್ಯಾಕ್‌ವರ್ಡ್ ಪಾಸ್. ಫ್ಲೋಟ್ ಇರುವ ಕಡೆ ಕೆಂಪು ಮಾರ್ಕರಿನಿಂದ ಒಂದು ಹೆಸರು. ಕಳೆದ ಸಲ ಹೀಗೆ ಬರೆದಾಗ ಟೆಸ್ಟಿಂಗ್ ಹುಡುಗಿಯ ಹೆಸರು ಮೂರು ಕಡೆ ಬಂತು. ಅವಳು ಎದ್ದು ಬಂದು, ಒಂದನ್ನು ಅಳಿಸಿ, ಡಿಸೈನ್ ಒಪ್ಪಿಗೆ ಕೊಡಬೇಕಾದ ಮ್ಯಾನೇಜರ್ ಹೆಸರು ಬರೆದಳು. ರೂಮಿನಲ್ಲಿ ಎಲ್ಲರೂ ನಕ್ಕರು, ಮ್ಯಾನೇಜರೂ ನಕ್ಕರು. ಒಪ್ಪಿಗೆ ಆ ಸಲ ಎರಡು ದಿನ ಮೊದಲೇ ಬಂತು.