ದುರ್ಗದ ಸೀಮೆಯಲ್ಲಿ ಮಂದೆ ಕಾಯುವ ನಾಯಿ

ಚಿತ್ರದುರ್ಗಕ್ಕೆ ಬಂದವರು ಏಳು ಸುತ್ತಿನ ಕೋಟೆ ನೋಡುತ್ತಾರೆ. ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸಮಯವಿದ್ದರೆ ಚಂದ್ರವಳ್ಳಿಗೂ ಹೋಗಿ ಬರುತ್ತಾರೆ. ಕಾವಲಿನ ಕಥೆ 1779ರಲ್ಲಿ ಹೈದರಾಲಿಗೆ ದುರ್ಗ ವಶವಾದಾಗಲೇ ಮುಗಿಯಿತು ಎಂದುಕೊಂಡು ಊರಿನ ಬಸ್ಸು ಹತ್ತುತ್ತಾರೆ. ಆದರೆ ಈ ಸೀಮೆಯಲ್ಲಿ ಇನ್ನೊಂದು ಕಾವಲು ದಿನಾ ರಾತ್ರಿ ನಡೆಯುತ್ತಲೇ ಇದೆ. ಅದನ್ನು ನೋಡಬೇಕಾದರೆ ಕತ್ತಲಾದ ಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಯಾವುದಾದರೂ ಹೊಲದ ಬದುವಿನ ಮೇಲೆ ನಿಲ್ಲಬೇಕು. ಹೊಲದ ನಡುವೆ ಬಲೆ ಕಟ್ಟಿದ ಆವರಣದಲ್ಲಿ ನೂರಾರು ಕುರಿಗಳು ಒತ್ತೊತ್ತಾಗಿ ಮಲಗಿರುತ್ತವೆ. ಕಂಬಳಿ ಹೊದ್ದ ಕುರಿಗಾಹಿ ಒಂದು ಮೂಲೆಯಲ್ಲಿ. ಅವನ ಕಾಲ ಬಳಿಯಲ್ಲೊಂದು, ಆಚೆ ತುದಿಯಲ್ಲೊಂದು ನಾಯಿ. ಮಲಗಿದಂತೆ ಕಂಡರೂ ಅವುಗಳ ಕಿವಿ ಮಲಗಿರುವುದಿಲ್ಲ.

ರಾಜ್ಯದಲ್ಲಿ 2019ರ ಜಾನುವಾರು ಗಣತಿಯಂತೆ ಸುಮಾರು 1 ಕೋಟಿ 10 ಲಕ್ಷ ಕುರಿಗಳಿವೆ. ಹೆಚ್ಚು ಕುರಿಗಳಿರುವ ಜಿಲ್ಲೆಗಳ ಸಾಲಿನಲ್ಲಿ ಚಿತ್ರದುರ್ಗವೂ ಇದೆ. ಮಳೆ ಕಡಿಮೆ, ಕಲ್ಲು ಹೆಚ್ಚು, ಬೆಳೆ ಕೈಕೊಟ್ಟ ವರ್ಷ ಕೈಹಿಡಿಯುವುದು ಕುರಿ. ಕುರುಬರು, ಕಾಡುಗೊಲ್ಲರು, ಮ್ಯಾಸನಾಯಕರು ಇಲ್ಲಿ ತಲೆಮಾರುಗಳಿಂದ ಮಂದೆಯ ಹಿಂದೆ ನಡೆದವರು. ಸುಗ್ಗಿ ಮುಗಿದ ಮೇಲೆ ಮೇವು ಹುಡುಕಿಕೊಂಡು ಭದ್ರಾ ಅಚ್ಚುಕಟ್ಟಿನ ಕಡೆಗೆ ಹೋಗುವ ಮಂದೆಗಳು ಮುಂಗಾರು ಹನಿಯುವ ಹೊತ್ತಿಗೆ ತಿರುಗಿ ಬರುತ್ತವೆ. ದಾರಿಯುದ್ದಕ್ಕೂ ರೈತರ ಹೊಲದಲ್ಲಿ ಕುರಿ ತರುಬುತ್ತಾರೆ. ಗೊಬ್ಬರ ಹೊಲಕ್ಕೆ, ಕಾಳೋ ಕಾಸೋ ಕುರಿಗಾಹಿಗೆ. ಈ ಲೆಕ್ಕದಲ್ಲಿ ಮೂರನೆಯ ಪಾಲುದಾರನೇ ನಾಯಿ. ಅವನ ಪಾಲಿಗೆ ಬರುವುದು ಒಂದು ತುಂಡು ಮುದ್ದೆ, ಉಳಿದ ಅಂಬಲಿ.

ಹೆಸರಿಲ್ಲದ ತಳಿ

ಈ ನಾಯಿ ಯಾವ ಜಾತಿ ಎಂದು ಕೇಳಿದರೆ ಕುರಿಗಾಹಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ. ಮುಧೋಳ ನಾಯಿಗೆ ವಂಶಾವಳಿಯಿದೆ, ರಾಜಾಶ್ರಯದ ಇತಿಹಾಸವಿದೆ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂದಿದೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ದುರ್ಗದ ಮಂದೆ ನಾಯಿಗೆ ಇದೊಂದೂ ಇಲ್ಲ. ಒಂದು ಎತ್ತರ, ಇನ್ನೊಂದು ಗಿಡ್ಡ. ಒಂದರ ಕಿವಿ ನೆಟ್ಟಗೆ, ಇನ್ನೊಂದರದು ಜೋಲು. ಬಣ್ಣ ನೋಡಿ ಕರಿಯ, ಕೆಂಚ ಎಂದು ಕರೆದರೆ ನಾಮಕರಣ ಮುಗಿಯಿತು. ಪಕ್ಕದ ಹಟ್ಟಿಯ ಚುರುಕು ನಾಯಿ ಮರಿ ಹಾಕಿದೆ ಎಂದು ತಿಳಿದರೆ ಒಂದನ್ನು ಕೇಳಿ ತರುತ್ತಾರೆ. ತಾಯಿಯ ಗುಣ ಗೊತ್ತಿರುತ್ತದೆ, ತಂದೆಯ ವಿಷಯ ಯಾರೂ ಕೇಳುವುದಿಲ್ಲ.

ಪಾಠಶಾಲೆ ಮಂದೆಯೇ. ಮರಿಯನ್ನು ಎಳೆಯ ಕುರಿಮರಿಗಳ ಜೊತೆಗೇ ಬಿಡುತ್ತಾರೆ. ಕುರಿಯ ವಾಸನೆ, ಬೆಚ್ಚನೆಯ ಮೈ, ಅದರ ಕೂಗು ಇವೆಲ್ಲ ಮೂಗಿಗೆ, ಕಿವಿಗೆ ಇಳಿದ ಮೇಲೆ ಮಂದೆಯೇ ಅದರ ಮನೆಮಂದಿ. ಆಟಕ್ಕೆಂದು ಕುರಿಮರಿಯ ಕಿವಿ ಕಚ್ಚಿದರೆ ಒಂದು ಏಟು ಬೀಳುತ್ತದೆ. ಮುಂದಿನ ಪಾಠವನ್ನು ಹಳೆಯ ನಾಯಿ ಕಲಿಸುತ್ತದೆ: ಎಲ್ಲಿ ಮಲಗಬೇಕು, ಯಾವುದಕ್ಕೆ ಬೊಗಳಬೇಕು, ಯಾವುದಕ್ಕೆ ಸುಮ್ಮನಿರಬೇಕು. ಮೊಲದ ಹಿಂದೆ ಓಡುವ ಚಟದ ನಾಯಿಗೆ ಕೊರಳಿನಲ್ಲಿ ಮೊಳದುದ್ದದ ಮರದ ತುಂಡು ತೂಗುಬೀಳುತ್ತದೆ. ಓಡಿದರೆ ಮುಂಗಾಲಿಗೆ ಬಡಿಯುತ್ತದೆ. ಕ್ರಮೇಣ ಚಟ ಬಿಡುತ್ತದೆ. ಎಷ್ಟು ಹೇಳಿದರೂ ಕುರಿಗೆ ಬಾಯಿ ಹಾಕುವ ನಾಯಿಗೆ ಮಂದೆಯಲ್ಲಿ ಜಾಗವಿಲ್ಲ.

ಹಗಲಿನ ಕೆಲಸ ಸುಲಭದ್ದು. ಹಿಂದುಳಿದ ಕುರಿಯ ಬಳಿ ನಿಲ್ಲುವುದು, ಬೆಳೆಗೆ ನುಗ್ಗುವುದನ್ನು ತಡೆಯುವುದು. ರಾತ್ರಿಯದು ಹಾಗಲ್ಲ. ತೋಳ ಈಗ ಅಪರೂಪ. ಅದರ ಬದಲು ಚಿರತೆಯ ಭಯ. ಜೋಗಿಮಟ್ಟಿಯ ಕುರುಚಲು ಕಾಡಿನಲ್ಲಿ, ಸುತ್ತಲಿನ ಬಂಡೆಗುಡ್ಡಗಳಲ್ಲಿ ಅದಕ್ಕೆ ಮನೆ. ಕರಡಿಯೂ ಅಲ್ಲಿಂದಲೇ ಶೇಂಗಾ ಹೊಲಕ್ಕೆ ಇಳಿಯುತ್ತದೆ. ಚಿರತೆಗೆ ಕುರಿಯಷ್ಟೇ ನಾಯಿಯೂ ಇಷ್ಟ. ಕಾಯುವವನೇ ಬೇಟೆಯಾಗುವ ಕೆಲಸ ಇದು. ನಾಯಿ ಒಂಟಿಯಾಗಿ ಚಿರತೆಯನ್ನು ಗೆಲ್ಲುವುದಿಲ್ಲ. ಗೆಲ್ಲಲಿ ಎಂದು ಯಾರೂ ಸಾಕುವುದೂ ಇಲ್ಲ. ಮನುಷ್ಯ ಎದ್ದು ದೊಣ್ಣೆ, ಬ್ಯಾಟರಿ ಹಿಡಿಯುವಷ್ಟು ಹೊತ್ತು ಮೊದಲೇ ಅದು ಕೂಗಿದರೆ ಸಾಕು. ಆ ಎರಡು ನಿಮಿಷದಲ್ಲಿ ಒಂದು ಸಂಸಾರದ ವರ್ಷದ ದುಡಿಮೆ ಉಳಿಯುತ್ತದೆ.

ಆತಕೂರಿನ ಕಾಳಿ

ನಾಯಿಯ ಸಾಹಸಕ್ಕೆ ಕಲ್ಲು ನೆಟ್ಟ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಏನು ಬೇಕೋ ಕೇಳು ಎಂದು ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದರ ಜೊತೆ ಹೋರಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿಗೆ ಭೂಮಿ ದತ್ತಿ ಬಿಟ್ಟು, ಅದನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದು ಬರೆಸಿದರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಗೊರವರೆಂದರೆ ಇಂದಿನ ಕುರಿಗಾಹಿಗಳಿಗೆ ನೆನಪಾಗುವುದು ಮೈಲಾರಲಿಂಗನ ಒಕ್ಕಲು. ಕರಿಯ ಕಂಬಳಿ ತೊಟ್ಟು, ಡಮರುಗ ಹಿಡಿದು ಬರುವ ಗೊರವಯ್ಯಗಳು ದೋಣಿ ಸೇವೆಯಲ್ಲಿ ದೇವರ ನಾಯಿಗಳಾಗುತ್ತಾರೆ. ನಾಯಿಯಂತೆ ಬೊಗಳುತ್ತಾರೆ, ಮರದ ದೋಣಿಗೆ ಬಾಯಿ ಹಾಕಿ ಪ್ರಸಾದ ಉಣ್ಣುತ್ತಾರೆ. ಬೇರೆ ಕಡೆ ನಾಯಿ ಎಂದರೆ ಬೈಗುಳ. ಮೈಲಾರನ ಸನ್ನಿಧಿಯಲ್ಲಿ ಅದೇ ಪದವಿ. ಮಂದೆಯ ಜೊತೆ ಬದುಕಿದವರ ದೇವರಿಗೆ ಮಾತ್ರ ಇದು ಸಾಧ್ಯ.

ಕಣಿವೆ ಮತ್ತು ಹೆದ್ದಾರಿ

ದುರ್ಗದಿಂದ ಹಿರಿಯೂರು ಸುಮಾರು 40 ಕಿಲೋಮೀಟರ್. ತೇರುಮಲ್ಲೇಶ್ವರನ ಊರು ಇದು. ಬೆಂಗಳೂರು–ಪುಣೆ ಹೆದ್ದಾರಿಯೂ ಶ್ರೀರಂಗಪಟ್ಟಣ–ಬೀದರ್ ರಸ್ತೆಯೂ ಸೇರುವ ಜಾಗ. ರಸ್ತೆ ಅಗಲವಾದಷ್ಟೂ ಮಂದೆಗೆ ದಾರಿ ಕಿರಿದಾಗಿದೆ. ಮುನ್ನೂರು ಕುರಿಗಳನ್ನು ಹೆದ್ದಾರಿ ದಾಟಿಸುವುದೆಂದರೆ ಹೊಳೆ ದಾಟಿಸಿದ ಹಾಗೆ. ಮುಂದೆ ಒಬ್ಬ, ಹಿಂದೆ ಒಬ್ಬ, ಕೊನೆಗೆ ನಾಯಿ. ಚಿರತೆಯ ಬಾಯಿಂದ ಪಾರಾದ ನಾಯಿ ಲಾರಿಯ ಚಕ್ರಕ್ಕೆ ಸಿಕ್ಕಿಬಿಡುವುದು ಇಲ್ಲೇ.

ಪಶ್ಚಿಮಕ್ಕೆ ತಿರುಗಿದರೆ ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಇಂದಿಗೂ ಮಾರಿ ಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ತುಂಬಿ ಹರಿಯಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಜನ ಬಾಗಿನ ಬಿಟ್ಟು ಸಂಭ್ರಮಿಸಿದರು. ಸಂಭ್ರಮಕ್ಕೆ ಕಾರಣವೂ ಇತ್ತು. ಆದರೆ ಹೊಸದುರ್ಗದ ಕಡೆ ಹಿನ್ನೀರು ಏರಿ ಹೊಲ ತೋಟಗಳಿಗೆ ನುಗ್ಗಿತು. ನೀರಿಳಿದ ಕೆರೆಯಂಗಳ ಕುರಿಗಳಿಗೆ ಹಸಿರು ಮೇವಿನ ಜಾಗ. ನೀರು ಬಂದಾಗ ಕುಡಿಯಲು ಸಿಗುತ್ತದೆ, ಮೇಯಲು ಜಾಗ ಹೋಗುತ್ತದೆ. ಕುರಿಗಾಹಿಯ ಬದುಕಿನಲ್ಲಿ ಲಾಭವೂ ನಷ್ಟವೂ ಒಂದೇ ಹಗ್ಗದ ಎರಡು ತುದಿ.

ಹೊಸದುರ್ಗದ ದಾರಿಯಲ್ಲಿ ತೆಂಗಿನ ತೋಟಗಳು, ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು. ಹೊಳಲ್ಕೆರೆ ಕಡೆಗೆ ಹೋದಂತೆ ಅಡಿಕೆಯ ಹಸಿರು ಹೆಚ್ಚು. ಬಯಲಿನಲ್ಲೇ ಕುಳಿತ ಹೊಳಲ್ಕೆರೆಯ ದೊಡ್ಡ ಗಣಪತಿ, ರಾಘವೇಂದ್ರ ಸ್ವಾಮೀಜಿ ಕಟ್ಟಿದ ಮಲ್ಲಾಡಿಹಳ್ಳಿಯ ಆಶ್ರಮ ನೋಡುವವರು ದಾರಿಯಲ್ಲಿ ಬೇಲಿಗಳನ್ನೂ ಗಮನಿಸಬೇಕು. ಮಳೆ ನಂಬಿದ ಹೊಲ ಬೋರ್‌ವೆಲ್ಲಿನ ತೋಟವಾದರೆ ಸುತ್ತ ತಂತಿ ಬೇಲಿ ಬರುತ್ತದೆ. ಸುಗ್ಗಿಯ ನಂತರ ಎಲ್ಲರಿಗೂ ತೆರೆದಿರುತ್ತಿದ್ದ ನೆಲಕ್ಕೆ ಆಗ ಗೇಟು ಬೀಳುತ್ತದೆ. ಪಕ್ಕದ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ನಮ್ಮ ಭಾಷೆಯಲ್ಲಿ ಮೇಯುವ ನೆಲಕ್ಕೂ ಕಾವಲು ಎನ್ನುತ್ತೇವೆ, ಕಾಯುವ ಕೆಲಸಕ್ಕೂ ಕಾವಲು ಎನ್ನುತ್ತೇವೆ. ಮೊದಲನೆಯದು ಹೋದರೆ ಎರಡನೆಯದಕ್ಕೆ ಕೆಲಸವಿಲ್ಲ.

ಗುಂಗುರು ಕೂದಲಿನ ಅತಿಥಿ

ದುರ್ಗದ ಪೇಟೆಯ ಮನೆಗಳಿಗೆ ಈಗ ಬೇರೆ ಥರದ ನಾಯಿಗಳು ಬಂದಿವೆ. ಹಿಂದೆ ಬಿಳಿಯ ಪಮೇರಿಯನ್ ಇದ್ದರೆ ದೊಡ್ಡಸ್ತಿಕೆ. ಈಗ ಪೂಡಲ್ ಮಿಶ್ರತಳಿಗಳ ಹೆಸರೂ ಕೇಳಿಬರುತ್ತದೆ. ನೋಡಲು ಬೊಂಬೆಯಂತಿದ್ದರೂ ಪೂಡಲ್ ಹುಟ್ಟಾ ಸೋಮಾರಿಯಲ್ಲ. ಬೇಟೆಗಾರ ಹೊಡೆದ ಬಾತುಕೋಳಿಯನ್ನು ನೀರಿಗಿಳಿದು ತರುವುದು ಅದರ ಮೂಲ ಕಸುಬು. ಈಜಲು ಹಗುರವಾಗಲಿ, ಕೀಲುಗಳು ಮಾತ್ರ ಬೆಚ್ಚಗಿರಲಿ ಎಂದು ಮಾಡುತ್ತಿದ್ದ ಕ್ಷೌರವೇ ಮುಂದೆ ಶೋಕಿಯಾಯಿತು.

ಅದನ್ನು ಲ್ಯಾಬ್ರಡಾರ್ ಜೊತೆ ಬೆರೆಸಿದ್ದೂ ಕೆಲಸಕ್ಕಾಗಿಯೇ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರಿಸುವ ನಾಯಿ ಬೇಕಿತ್ತು. ಅವರ ಪತಿಗೆ ನಾಯಿಯ ಕೂದಲು ಆಗುತ್ತಿರಲಿಲ್ಲ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ 1980ರ ದಶಕದ ಕೊನೆಗೆ ಈ ಮಿಶ್ರತಳಿ ಮಾಡಿದರು. ಆ ಸೂಲಿನ ಮೂರು ಮರಿಗಳಲ್ಲಿ ಪತಿಗೆ ಒಗ್ಗಿದ್ದು ಸುಲ್ತಾನ್ ಎಂಬ ಒಂದು ಮಾತ್ರ. ಮುಂದೆ ಜಗತ್ತೆಲ್ಲ ಇಂಥ ಮರಿಗಳನ್ನು ಹಣಕ್ಕಾಗಿ ಹುಟ್ಟಿಸತೊಡಗಿದಾಗ ಕಾನ್ರನ್ನರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಹೆಸರಿಗಿಂತ ಆ ಒಂದು ಜೀವದ ಗುಣ ನೋಡಬೇಕೆಂಬ ಮಾತು ದುರ್ಗದ ಕುರಿಗಾಹಿಗೆ ಹೊಸದೇನಲ್ಲ.

ಗುಂಗುರು ಕೂದಲಿನ ನಾಯಿ ಇಲ್ಲಿ ಬಾಳಬಾರದೆಂದಿಲ್ಲ. ಆದರೆ ಹಿರಿಯೂರಿನ ಬಿಸಿಲು, ನೆಗ್ಗಿಲುಮುಳ್ಳು, ಉತ್ತರಾಣಿಯ ಬೀಜ, ಉಣ್ಣೆಹುಳ ಇವೆಲ್ಲ ಆ ಕೂದಲಿಗೆ ಶತ್ರುಗಳು. ದಿನಾ ಬಾಚಬೇಕು, ಆಗಾಗ ಕತ್ತರಿಸಬೇಕು. ಕುರಿಯ ಉಣ್ಣೆ ಕತ್ತರಿಸುವ ಊರಿನಲ್ಲಿ ನಾಯಿಗೂ ಉಣ್ಣೆ ಕತ್ತರಿಸುವ ಕಾಲ ಬಂತೆಂದು ಹಳಬರು ನಕ್ಕರೆ ತಪ್ಪೇನಿಲ್ಲ. ಆ ಶ್ರಮಕ್ಕೆ ಸಿದ್ಧವಿಲ್ಲದವರು ಬೀದಿಯ ಮರಿಯೊಂದನ್ನು ತಂದುಕೊಳ್ಳುವುದೇ ವಾಸಿ.

ಕಾಯುವವನೇ ರೋಗ ತಂದರೆ

ಮಂದೆ ನಾಯಿಯ ಬಗ್ಗೆ ಹೊಗಳಿಕೆಯನ್ನಷ್ಟೇ ಹೇಳಿದರೆ ಅರ್ಧ ಸತ್ಯ. ಕೆಲವು ಕುರಿಗಳು ತಲೆ ಓರೆ ಮಾಡಿಕೊಂಡು ಒಂದೇ ಕಡೆಗೆ ಸುತ್ತತೊಡಗುತ್ತವೆ, ಮೇವು ಬಿಟ್ಟು ಸಾಯುತ್ತವೆ. ಈ ಕಾಯಿಲೆಯ ಮೂಲ ನಾಯಿಯ ಕರುಳಿನಲ್ಲಿರುವ ಲಾಡಿಹುಳು. ನಾಯಿಯ ಹೇಲಿನಲ್ಲಿ ಬಿದ್ದ ಮೊಟ್ಟೆಗಳು ಹುಲ್ಲಿನ ಮೂಲಕ ಕುರಿಯ ಹೊಟ್ಟೆ ಸೇರಿ, ಹುಳುವಿನ ಮರಿ ಮಿದುಳಿಗೆ ಹೋಗಿ ನೀರುಗುಳ್ಳೆಯಾಗುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿಯಾಯಿತು. ಇದೇ ಬಗೆಯ ಇನ್ನೊಂದು ಹುಳು ಮನುಷ್ಯನ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲೂ ಗುಳ್ಳೆ ಮಾಡಬಲ್ಲದು. ಉಪಾಯ ಕಷ್ಟದ್ದಲ್ಲ: ಹಸಿ ತಲೆ, ಕರುಳು ಹಾಕಬಾರದು, ಹೂಳಬೇಕು ಅಥವಾ ಚೆನ್ನಾಗಿ ಬೇಯಿಸಬೇಕು, ಪಶುವೈದ್ಯರು ಹೇಳಿದ ಅವಧಿಗೆ ನಾಯಿಗೆ ಜಂತುಹುಳುವಿನ ಮಾತ್ರೆ ಕೊಡಬೇಕು.

ಹುಚ್ಚುನಾಯಿ ರೋಗ ಇದಕ್ಕಿಂತ ಭೀಕರ. ಲಕ್ಷಣ ಕಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಪ್ಯಾಶ್ಚರ್ 1885ರಲ್ಲಿ ದಾರಿ ತೋರಿದ ಮೇಲೂ ಜನ ಸಾಯುತ್ತಿರುವುದು ಲಸಿಕೆ ಇಲ್ಲದ್ದಕ್ಕಲ್ಲ, ಹೊತ್ತಿಗೆ ಹಾಕಿಸಿಕೊಳ್ಳದ್ದಕ್ಕೆ. ನಾಯಿಗೆ ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸಬೇಕು. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ನಾಟಿ ಔಷಧಿ, ಸುಣ್ಣ, ಮೆಣಸಿನಪುಡಿಗಳ ಕಾಲ ಅದಲ್ಲ. ಊರೂರು ತಿರುಗುವ ಮಂದೆಯ ನಾಯಿ ಲಸಿಕೆಯ ಶಿಬಿರದ ದಿನ ಊರಿನಲ್ಲಿರುವುದಿಲ್ಲ ಎಂಬುದೇ ತೊಡಕು.

ಲೆಕ್ಕಕ್ಕಿಲ್ಲದ ಜೀವ

ಕುರಿ ಆಕಸ್ಮಿಕವಾಗಿ ಸತ್ತರೆ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ. ಚಿರತೆ ಹಿಡಿದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು. ಮೇಕೆಗೂ ದನಕ್ಕೂ ಲೆಕ್ಕವಿದೆ. ಆ ಕುರಿಗಳನ್ನು ಉಳಿಸಲು ಹೋಗಿ ಸತ್ತ ನಾಯಿಗೆ ಅನುಗ್ರಹದ ಪಟ್ಟಿಯಲ್ಲಿ ಹೆಸರಿಲ್ಲ. ಕುರಿಗಾಹಿ ಅದನ್ನು ಹೊಲದ ಮೂಲೆಯಲ್ಲಿ ಹೂತು, ಮೇಲೊಂದು ಕಲ್ಲಿಟ್ಟು ಮಂದೆ ಎಬ್ಬಿಸುತ್ತಾನೆ. ಅಂದು ರಾತ್ರಿ ಅವನಿಗೆ ನಿದ್ದೆಯಿಲ್ಲ, ಏಕೆಂದರೆ ನಾಯಿಯ ಪಾಲಿನ ಎಚ್ಚರವೂ ಅವನ ಪಾಲಿಗೆ ಬಂದಿರುತ್ತದೆ. ಮಕ್ಕಳು ಶಾಲೆ, ಕಾಲೇಜು, ಬೆಂಗಳೂರಿನ ಕೆಲಸ ಎಂದು ಹೊರಟಿದ್ದಾರೆ. ಹೊರಡಲೂಬೇಕು. ಮಂದೆ ಸಣ್ಣದಾಗುತ್ತಿರುವ ಹಟ್ಟಿಗಳಲ್ಲಿ ಹೊಸ ಮರಿಗೆ ಪಾಠ ಹೇಳುವ ಹಳೆಯ ನಾಯಿಯೂ ಇರುವುದಿಲ್ಲ.

ಈ ನಾಲ್ಕು ಊರುಗಳನ್ನು ಒಂದು ಸುತ್ತು ಹಾಕುವವರಿಗೆ ಒಂದು ಮಾತು. ರಸ್ತೆಯಲ್ಲಿ ಮಂದೆ ಕಂಡರೆ ಹಾರನ್ ಹೊಡೆಯದೆ ವಾಹನ ನಿಲ್ಲಿಸಿ. ಮಂದೆಯ ಹತ್ತಿರ ಹೋಗಬೇಕೆಂದಿದ್ದರೆ ದೂರದಿಂದಲೇ ಕುರಿಗಾಹಿಯನ್ನು ಕೂಗಿ ಕೇಳಿ. ಕುರಿಮರಿ ಮುದ್ದಾಗಿದೆಯೆಂದು ಎತ್ತಿಕೊಳ್ಳಲು ಹೋಗಬೇಡಿ. ನಾಯಿಗೆ ನಿಮ್ಮ ಮನಸ್ಸು ತಿಳಿಯದು. ಕೊನೆಯ ಕುರಿ ದಾಟಿದ ಮೇಲೂ ಅರೆಗಳಿಗೆ ತಾಳಿ. ಮಂದೆಯ ಹಿಂದೆ ಇನ್ನೂ ಒಬ್ಬ ಬರುವವನಿರುತ್ತಾನೆ.